ಹಳೆಯ ಕಂಪ್ಯೂಟರ್ ಅಂಗಡಿಗೆ ಹೋಗುವ ಮುನ್ನ

ಅಭ್ಯಾಸ ಬೋಧನೆಗೆಂದು ನಾವು ಹೋಗುವ ಹಲವು ಶಾಲೆಗಳಲ್ಲಿ ಮೂಲೆಯಲ್ಲೊಂದು ಹಳೆಯ ಕಂಪ್ಯೂಟರ್ ಇರುತ್ತದೆ. ಸಂಡೂರಿನ ಯಾವುದೋ ಗಣಿ ಕಚೇರಿ ದಾನ ಕೊಟ್ಟದ್ದು, ಇಲ್ಲವೇ ಕಂಪ್ಲಿಯಲ್ಲಿ ಯಾರೋ ಬಳಸಿ ಮಾರಿದ್ದು. ಅದು ನಿಧಾನವಾದರೆ ಹೊಸಪೇಟೆಯ ಅಂಗಡಿಗೆ ಒಯ್ದು 'ವಿಂಡೋಸ್ ಹಾಕಿಸಿಕೊಂಡು' ಬರುತ್ತಾರೆ. ಈ ಕೆಲಸವನ್ನು ಪ್ರಶಿಕ್ಷಣಾರ್ಥಿಗಳು ಶಾಲೆಯಲ್ಲೇ, ಮಕ್ಕಳ ಎದುರಿನಲ್ಲೇ ಮಾಡಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲ ಕಾರಣ, ಅಂಗಡಿಯಲ್ಲಿ ಕಳೆದುಹೋಗುವ ಬರಹ. ಸಾಮಾನ್ಯವಾಗಿ ಅಲ್ಲಿ ಸಿ ಡ್ರೈವ್ ಅಳಿಸಿ ಹೊಸದಾಗಿ ಹಾಕುತ್ತಾರೆ. ಡೆಸ್ಕ್‌ಟಾಪ್ ಮೇಲೆ ಕಾಣುವ ಕಡತಗಳೂ ಅದೇ ಡ್ರೈವಿನಲ್ಲಿರುತ್ತವೆ ಎಂಬುದು ಅನೇಕ ಶಿಕ್ಷಕರಿಗೆ ಹೊಳೆಯುವುದಿಲ್ಲ. ವರ್ಷಗಳ ಪಾಠಯೋಜನೆ, ಪ್ರಶ್ನೆಪತ್ರಿಕೆಗಳು ಹಾಗೆ ಹೋಗುತ್ತವೆ. ಉಳಿದವಕ್ಕೂ ಇನ್ನೊಂದು ಗಂಡಾಂತರವಿದೆ. ನುಡಿಯ ಹಳೆಯ ಫಾಂಟಿನಲ್ಲಿ ಬರೆದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಕಡತ ಕೆಟ್ಟಿದೆಯೆಂದು ತಿಳಿದು ಅಳಿಸಿಬಿಡುತ್ತಾರೆ. ಅದು ಕೆಟ್ಟಿರುವುದಿಲ್ಲ; ಫಾಂಟ್ ಹಾಕಿದರೆ ಓದಬಹುದು, ಯೂನಿಕೋಡ್‌ಗೆ ಪರಿವರ್ತಿಸಿದರೆ ಮೊಬೈಲಿನಲ್ಲೂ ಓದಬಹುದು. ಅಕ್ಷರದ ಹಿಂದೆ ಒಂದು ಸಂಖ್ಯೆ ಇರುತ್ತದೆ ಎಂಬುದನ್ನು ಎಂಟನೇ ತರಗತಿಗೆ ವಿವರಿಸಲು ಇದಕ್ಕಿಂತ ಒಳ್ಳೆಯ ಕಲಿಕೋಪಕರಣ ನನಗೆ ಕಂಡಿಲ್ಲ. ಹಂಪಿಯಲ್ಲಿ ಉತ್ಖನನ ಮಾಡುವವರು ಸಿಕ್ಕಿದ್ದನ್ನು ಪಟ್ಟಿ ಮಾಡದೆ ಮುಂದೆ ಹೋಗುವುದಿಲ್ಲ. ಇಲ್ಲಿಯೂ ಮೊದಲು ಪಟ್ಟಿ, ಪೆನ್‌ಡ್ರೈವಿಗೆ ಪ್ರತಿ, ಆಮೇಲೆ ಅಳಿಸುವ ಮಾತು. ಹಳೆಯ ಕಚೇರಿಯ ಖಾಸಗಿ ಕಡತಗಳು ಸಿಕ್ಕರೆ ಅವನ್ನು ತೆರೆದು ನೋಡದೆ ಕೊಟ್ಟವರಿಗೆ ತಿಳಿಸಬೇಕು.

ಇನ್ನು ಯಾವುದನ್ನು ಹಾಕಬೇಕು? ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಟಿಪಿಎಂ 2.0 ಕೇಳುವುದರಿಂದ ಹಳೆಯ ಯಂತ್ರಗಳು ಅದಕ್ಕೆ ಒಗ್ಗುವುದು ಕಷ್ಟ. ಅಂಗಡಿಯವರು ಇದಕ್ಕೆ ಪರವಾನಗಿ ಇಲ್ಲದ ಪ್ರತಿಯನ್ನು ಹಾಕಿ ಕೊಟ್ಟರೆ ಸರ್ಕಾರಿ ಶಾಲೆ ಅದನ್ನು ಒಪ್ಪಬಾರದು. ಲಿನಕ್ಸ್ ಉಚಿತ. ಕೇರಳದ ಶಾಲೆಗಳಲ್ಲಿ ಅದು ಬಹುಕಾಲದಿಂದ ನಡೆಯುತ್ತಿದೆ. ನಮ್ಮಲ್ಲೂ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟು, ಜಿಯೋಜೀಬ್ರಾ ಬಳಸಿದ್ದುಂಟು. ನಾವು ಕಲಿತಿರುವ ನುಡಿ ಕೀಲಿಮಣೆಯ ವಿನ್ಯಾಸ ಅಲ್ಲೂ ಸಿಗುತ್ತದೆ.

'ಅದು ಟೆಕ್ನಿಷಿಯನ್ ಕೆಲಸ, ಬೋಧನೆಯಲ್ಲ' ಎನ್ನುವ ಸಹೋದ್ಯೋಗಿಗಳಿದ್ದಾರೆ. ಪಟ್ಟಿ ಮಾಡುವುದು ಯಾರ ಕೆಲಸ? ನೋಡಿದ್ದನ್ನು ಹಂತ ಹಂತವಾಗಿ ಕನ್ನಡದಲ್ಲಿ ಬರೆಯಿಸುವುದು? ಹಳೆಯ ಯಂತ್ರದ ತಾರೀಖು ಪ್ರತಿ ಸಲ ಹಿಂದಕ್ಕೆ ಹೋಗುತ್ತದೆ, ಜಾಲತಾಣಗಳು 'ಸುರಕ್ಷಿತವಲ್ಲ' ಎನ್ನುತ್ತವೆ. ಬಹಳ ಸಲ ಇದರ ಕಾರಣ ಒಳಗಿರುವ ನಾಣ್ಯದಂಥ ಸಿಆರ್2032 ಬ್ಯಾಟರಿ ಸತ್ತಿರುವುದು. ಇದನ್ನು ಮಕ್ಕಳಿಂದಲೇ ಹುಡುಕಿಸಿದರೆ ಅದು ವಿಜ್ಞಾನದ ಪಾಠವೇ. ಹಾರ್ಡ್‌ಡಿಸ್ಕ್ ಕಟಕಟ ಸದ್ದು ಮಾಡುತ್ತಿದ್ದರೆ ಮಾತ್ರ ಅಂಗಡಿಗೆ ಒಯ್ಯಿರಿ.

2014ರ ಎನ್‌ಸಿಟಿಇ ನಿಯಮಾವಳಿಯಂತೆ ಬಿ.ಇಡಿ.ಗೆ 20 ವಾರಗಳ ಇಂಟರ್ನ್‌ಶಿಪ್ ಇದೆ. ಅದರಲ್ಲಿ ಎರಡು ಜೋಡಿ ಅವಧಿ ಇದಕ್ಕೆ ಸಾಕು: ಒಂದು ಪಟ್ಟಿ ಮತ್ತು ಪ್ರತಿಗೆ, ಇನ್ನೊಂದು ಹಾಕುವುದಕ್ಕೆ. ನಡುವೆ ಕರೆಂಟು ಹೋಗಿ ಕೆಲಸ ಅರ್ಧಕ್ಕೆ ನಿಂತರೆ, ಮೇಲ್ವಿಚಾರಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಅಂಕ ಕಡಿಯದೆ, ಮಕ್ಕಳಿಗೆ ಆ ಹೊತ್ತಿನಲ್ಲಿ ಏನು ಹೇಳಲಾಯಿತು ಎಂಬುದನ್ನು ಬರೆದುಕೊಳ್ಳಲಿ.