ಮೌನಕ್ಕೂ ಬಾಡಿಗೆ ಸಿಗುತ್ತದೆಯೇ?

2023ರ ಮೇ ತಿಂಗಳಲ್ಲಿ ಗ್ರೇಟರ್ ನೋಯ್ಡಾದ ಬಾಡಿಗೆ ಮನೆಯೊಂದರಲ್ಲಿ ಮಾದಕ ವಸ್ತು ತಯಾರಿಸುವ ಪ್ರಯೋಗಾಲಯ ಪತ್ತೆಯಾಯಿತು. 2025ರ ಜುಲೈಯಲ್ಲಿ ನಮ್ಮ ಮೈಸೂರಿನಲ್ಲಿಯೇ ಮೆಫೆಡ್ರೋನ್ ತಯಾರಿಕಾ ಘಟಕ ಬಯಲಾಯಿತು. ಅದನ್ನು ಬಯಲಿಗೆಳೆಯಲು ಮುಂಬೈಯ ಸಾಕಿನಾಕಾ ಪೊಲೀಸರೇ ಬರಬೇಕಾಯಿತು! ಇಲ್ಲಿನ ಪೊಲೀಸರು ಏನು ಮಾಡುತ್ತಿದ್ದರು ಎಂಬ ಪ್ರಶ್ನೆ ನ್ಯಾಯವಾದುದೇ. ಆದರೆ ಮನೆ ಬಾಡಿಗೆಗೆ ಕೊಡುವವರ ಮತ್ತು ನೆರೆಹೊರೆಯ ಹೊಣೆಯೇನು ಎಂಬ ಪ್ರಶ್ನೆಯನ್ನು ಯಾರೂ ಕೇಳುತ್ತಿಲ್ಲ.

ಇಂಥ ದಂಧೆ ಕುರುಹಿಲ್ಲದೆ ನಡೆಯುವುದು ಕಷ್ಟ. ಮೂಗು ಉರಿಸುವ ರಾಸಾಯನಿಕ ವಾಸನೆ, ಹಗಲಲ್ಲೂ ಮುಚ್ಚಿಯೇ ಇರುವ ಕಿಟಕಿಗಳು, ರಾತ್ರಿಯಿಡೀ ತಿರುಗುವ ಎಕ್ಸಾಸ್ಟ್ ಫ್ಯಾನ್, ಹೆಸರು ಅಳಿಸಿದ ಡ್ರಮ್ಮು-ಕ್ಯಾನುಗಳು, ಗಾಜಿನ ಉಪಕರಣಗಳು, ಕತ್ತಲಲ್ಲಿ ಚರಂಡಿಗೆ ಸುರಿಯುವ ತ್ಯಾಜ್ಯ, ಮಾಲಕನನ್ನೂ ಒಳಗೆ ಬಿಡದ ಬಾಡಿಗೆದಾರ. ಇವುಗಳಲ್ಲಿ ಒಂದೇ ಇದ್ದರೆ ಅದು ಪುರಾವೆಯಲ್ಲ. ಹಲವು ಒಟ್ಟಿಗೆ ಕಂಡರೆ ಸುಮ್ಮನಿರುವುದು ಸಜ್ಜನಿಕೆಯಲ್ಲ. ಒಂದು ಕಿಡಿ ಸಾಕು, ಪಕ್ಕದ ಮನೆಯ ತೊಟ್ಟಿಲಿಗೂ ಬೆಂಕಿ ತಗಲಲು.

ದುಪ್ಪಟ್ಟು ಬಾಡಿಗೆ ಎಣಿಸುತ್ತಾ ಕಣ್ಣು ಮುಚ್ಚಿಕೊಳ್ಳುವ ಮಾಲಕರು ಇದನ್ನು ತಿಳಿದಿರಲಿ: 1985ರ ಎನ್‌ಡಿಪಿಎಸ್ ಕಾಯ್ದೆಯ 25ನೇ ಸೆಕ್ಷನ್ ಪ್ರಕಾರ, ಗೊತ್ತಿದ್ದೂ ಮನೆಯನ್ನು ಈ ಅಪರಾಧಕ್ಕೆ ಬಿಟ್ಟುಕೊಟ್ಟವನಿಗೆ ಆ ಅಪರಾಧದ ಶಿಕ್ಷೆಯೇ ಕಾದಿದೆ.

ಹಾಗೆಂದು ಜಾಗೃತಿಯ ಹೆಸರಲ್ಲಿ ಜನರ ಬಣ್ಣ, ಭಾಷೆ, ಗಡ್ಡ, ಟೋಪಿಗಳನ್ನು ತಪಾಸಣೆ ಮಾಡುವುದು ಇನ್ನೊಂದು ಅನ್ಯಾಯ. ನೋಯ್ಡಾದ ಆ ಪ್ರಕರಣದಲ್ಲಿ ಬಂಧಿತರಾದವರು ವಿದೇಶೀಯರು, ನಿಜ. ಆದರೆ 2024ರ ಅಕ್ಟೋಬರ್‌ನಲ್ಲಿ ಅದೇ ಜಿಲ್ಲೆಯ ಕಾಸನಾ ಕೈಗಾರಿಕಾ ಪ್ರದೇಶದಲ್ಲಿ ಸುಮಾರು 95 ಕಿಲೋ ಮೆಥಾಂಫೆಟಮಿನ್ ಸಿಕ್ಕಾಗ ಬಂಧಿತರಲ್ಲಿ ತಿಹಾರ್ ಜೈಲಿನ ವಾರ್ಡನ್ ಕೂಡ ಇದ್ದ! ಮುಖ ನೋಡಿ ಅಪರಾಧವನ್ನು ಅಳೆಯುವವರು ಇದಕ್ಕೇನೆನ್ನುತ್ತಾರೆ? ದುರುದ್ದೇಶದಿಂದ ಸುಳ್ಳು ಮಾಹಿತಿ ಕೊಟ್ಟು ಬಂಧನಕ್ಕೋ ಶೋಧಕ್ಕೋ ಕಾರಣನಾದವನಿಗೆ ಇದೇ ಕಾಯ್ದೆಯ 58ನೇ ಸೆಕ್ಷನ್ ಎರಡು ವರ್ಷಗಳವರೆಗಿನ ಜೈಲು ವಿಧಿಸುತ್ತದೆ.

ಆದ್ದರಿಂದ ಸಂಶಯ ಬಂದರೆ ಬಾಗಿಲು ತಟ್ಟಬೇಡಿ, ಒಳಗೆ ಇಣುಕಬೇಡಿ, ಏನನ್ನೂ ಮುಟ್ಟಬೇಡಿ, ಗುಂಪು ಸೇರಿಸಬೇಡಿ. ದೂರ ನಿಂತು 112ಕ್ಕೆ ಅಥವಾ ಮಾದಕ ವಸ್ತು ನಿಯಂತ್ರಣ ವಿಭಾಗದ 1933 ಸಹಾಯವಾಣಿಗೆ ಕರೆ ಮಾಡಿ. ಕಂಡದ್ದನ್ನು ಮಾತ್ರ ಹೇಳಿ, ಊಹಿಸಿದ್ದನ್ನಲ್ಲ. ಮಾಹಿತಿ ಎಲ್ಲಿಂದ ಬಂತೆಂದು ಹೇಳುವಂತೆ ಅಧಿಕಾರಿಯನ್ನು ಒತ್ತಾಯಿಸುವಂತಿಲ್ಲ ಎಂದು 68ನೇ ಸೆಕ್ಷನ್ ಹೇಳುತ್ತದೆ. ಪೊಲೀಸರು ಈ ಭರವಸೆಯನ್ನು ಅಕ್ಷರಶಃ ಪಾಲಿಸಲಿ. ದೂರು ಕೊಟ್ಟವನ ಹೆಸರು ಸಂಜೆಯೊಳಗೆ ಬೀದಿಗೆ ಬರುವ ಊರಿನಲ್ಲಿ ಯಾರು ತಾನೇ ಬಾಯಿ ತೆರೆದಾರು?

ಪಕ್ಕದ ಮನೆಯಲ್ಲಿ ವಿಷ ತಯಾರಾಗುತ್ತಿದ್ದರೆ ಅದು ಪಕ್ಕದ ಮನೆಯ ವಿಷಯವಲ್ಲ. ಅದರ ಗಿರಾಕಿ ನಾಳೆ ನಮ್ಮ ಮಗನೇ ಆಗಿರಬಹುದು.