ರೋಧಕ ಮತ್ತು ಕನ್ನಡ ಗದ್ಯ: ಪಾರಿಭಾಷಿಕ ಪದದ ಆಚೆಗೆ

ಕನ್ನಡದಲ್ಲಿ ವಿಜ್ಞಾನ ಬರವಣಿಗೆಯ ಪ್ರಸ್ತಾಪ ಬಂದಾಗಲೆಲ್ಲ ಅದು ಪಾರಿಭಾಷಿಕ ಪದಗಳ ಚರ್ಚೆಯಾಗಿ ಮುಗಿದುಹೋಗುತ್ತದೆ. ಸಂಸ್ಕೃತ ಮೂಲದ ಪದ ಬೇಕೆ, ಅಚ್ಚಗನ್ನಡದ ಪದ ಬೇಕೆ, ಇಂಗ್ಲಿಷ್ ಪದವನ್ನೇ ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಸಾಕೆ ಎಂಬ ಪ್ರಶ್ನೆಗಳ ಸುತ್ತಲೇ ನಮ್ಮ ವಿಚಾರ ಸಂಕಿರಣಗಳು ನಡೆಯುತ್ತ ಬಂದಿವೆ. ಪದ ದೊರೆತ ಮೇಲೂ ಉಳಿದುಕೊಳ್ಳುವ ಸಮಸ್ಯೆಯೊಂದನ್ನು, ಇಲೆಕ್ಟ್ರಾನಿಕ್ಸ್‌ನ ಅತ್ಯಂತ ಸರಳ ಘಟಕವಾದ ರೋಧಕದ ನಿದರ್ಶನದ ಮೂಲಕ, ವಿದ್ವಾಂಸರ ಗಮನಕ್ಕೆ ತರುವುದು ಈ ಲೇಖನದ ಉದ್ದೇಶ. ನಾನು ಭೌತವಿಜ್ಞಾನದ ಅಧ್ಯಾಪಕನಲ್ಲ, ಕನ್ನಡ ಸಾಹಿತ್ಯದ ಸಂಶೋಧನಾ ವಿದ್ಯಾರ್ಥಿ. ಆದರೂ ಈ ವಿಷಯ ನಮ್ಮ ವಿಭಾಗಗಳ ಅಂಗಳಕ್ಕೇ ಸೇರಿದ್ದೆಂದು ನನಗೆ ಅನ್ನಿಸಲು ಒಂದು ಪ್ರಸಂಗ ಕಾರಣವಾಯಿತು.

ಇಂಡಿಯಲ್ಲಿ ನಮ್ಮ ಓಣಿಯ ಹತ್ತನೆಯ ತರಗತಿಯ ಹುಡುಗನೊಬ್ಬ ಶಾಲೆಯ ವಸ್ತುಪ್ರದರ್ಶನಕ್ಕೆಂದು 9 ವೋಲ್ಟ್ ಬ್ಯಾಟರಿ, ಒಂದು ಕೆಂಪು ಎಲ್‌ಇಡಿ ಹಾಗೂ 330 ಓಮ್‌ನ ಒಂದು ರೋಧಕವನ್ನು ಸಾಲಾಗಿ ಜೋಡಿಸುತ್ತಿದ್ದ. ರೋಧಕವು ದೀಪದ ಆಚೆಗೆ, ಬ್ಯಾಟರಿಯ ಋಣಧ್ರುವದ ಕಡೆಗೆ ಬಂದಿತ್ತು. ಅದನ್ನು ಕಂಡೊಡನೆ ಗಾಬರಿಯಿಂದ ಬಿಚ್ಚಿದ. “ತಡಿಯೂದಽ ಇದರ ಕೆಲಸ ಅಂದಮ್ಯಾಲೆ ದೀಪದ ಮುಂದ ಹಚ್ಚಬೇಕಲ್ರಿ ಸರ, ಹಿಂದ ಹಚ್ಚಿದ್ರ ದೀಪ ಸುಟ್ಟು ಹೋಗತದ” ಎಂದ. ರೇಡಿಯೊ, ಟಿ.ವಿ. ರಿಪೇರಿ ಮಾಡುವ ಹಿರಿಯರೊಬ್ಬರ ಅಂಗಡಿಗೆ ಅವನನ್ನು ಕರೆದೊಯ್ದೆ. ಅವರು ನಕ್ಕು, “ಎಲ್ಲಿ ಹಚ್ಚಿದ್ರೂ ಒಂದಽ ತಮ್ಮಾ. ರಜಿಸ್ಟನ್ಸ್ ತಡಿಯೂದಿಲ್ಲ, ಕರೆಂಟ್ ಅಳತಿಗೆ ತರತದ” ಎಂದರು.

ಹಿರಿಯರ ಮಾತೇ ಸರಿ. ಒಂದೇ ಸಾಲಿನ ಮಂಡಲದಲ್ಲಿ ವಿದ್ಯುತ್ ಪ್ರವಾಹವು ಎಲ್ಲ ಬಿಂದುಗಳಲ್ಲಿಯೂ ಸಮನಾಗಿರುತ್ತದೆ. ರೋಧಕದ ಮುನ್ನ ಹೆಚ್ಚು, ಅನಂತರ ಕಡಿಮೆ ಎಂಬುದಿಲ್ಲ. ಎಲ್‌ಇಡಿಯಲ್ಲಿ ಸುಮಾರು 2 ವೋಲ್ಟ್ ಕಳೆದರೆ ಉಳಿದ 7 ವೋಲ್ಟ್ ರೋಧಕದ ಪಾಲಿಗೆ ಬರುತ್ತದೆ. 7ನ್ನು 330ರಿಂದ ಭಾಗಿಸಿದಾಗ ಸುಮಾರು 21 ಮಿಲಿ ಆಂಪಿಯರ್ ದೊರೆಯುತ್ತದೆ. ಜಾರ್ಜ್ ಸೈಮನ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ ಹೇಳುವುದು ಇಷ್ಟನ್ನೇ. ರೋಧಕವು ಪ್ರವಾಹವನ್ನು ನುಂಗುವುದಿಲ್ಲ. ಇಡೀ ಮಂಡಲದಲ್ಲಿ ಎಷ್ಟು ಪ್ರವಾಹ ಹರಿಯಬೇಕೆಂಬುದನ್ನು ನಿರ್ಧರಿಸುವುದರಲ್ಲಿ ಪಾಲುಗೊಳ್ಳುತ್ತದೆ, ತನ್ನ ಪಾಲಿನ ಶಕ್ತಿಯನ್ನು ಶಾಖವಾಗಿ ಹೊರಬಿಡುತ್ತದೆ.

ಹಾಗಾದರೆ ಹುಡುಗನಿಗೆ ತಪ್ಪು ಕಲ್ಪನೆ ಎಲ್ಲಿಂದ ಬಂದಿತು? ಇಂಥ ಕಲ್ಪನೆ ಬೇರೆ ಭಾಷೆಗಳಲ್ಲಿ ಕಲಿಯುವ ಮಕ್ಕಳಲ್ಲಿಯೂ ಉಂಟು. ಆದರೆ ಕನ್ನಡದಲ್ಲಿ ಪದವೇ ಅದಕ್ಕೆ ಒತ್ತಾಸೆಯಾಗಿ ನಿಲ್ಲುತ್ತದೆ. ರೋಧ, ವಿರೋಧ, ನಿರೋಧ, ಪ್ರತಿರೋಧ, ಅವರೋಧ ಇವೆಲ್ಲವೂ ‘ರುಧ್’ ಧಾತುವಿನ ಕುಟುಂಬಕ್ಕೆ ಸೇರಿದವು. ಎಲ್ಲದರಲ್ಲಿಯೂ ಅಡ್ಡಗಟ್ಟುವ ಅರ್ಥವಿದೆ. ‘ಶಾಖನಿರೋಧಕ’ ಎಂದರೆ ಶಾಖವನ್ನು ಒಳಬಿಡದ ವಸ್ತು ಎಂದು ತಿಳಿದ ಮಗು ‘ರೋಧಕ’ವನ್ನೂ ವಿದ್ಯುತ್ತನ್ನು ಒಳಬಿಡದ ವಸ್ತುವೆಂದೇ ಭಾವಿಸುತ್ತದೆ. 1979ರಲ್ಲಿ ರೂಪುಗೊಂಡ ಬಂಡಾಯ ಸಾಹಿತ್ಯ ಸಂಘಟನೆಯ ನಂತರದ ವಿಮರ್ಶೆಯಲ್ಲಿ ‘ಪ್ರತಿರೋಧ’ವನ್ನು ನಾವೇ ಧಾರಾಳವಾಗಿ ಬಳಸಿ, ಅದಕ್ಕೆ ಎದುರು ನಿಲ್ಲುವ ಗಟ್ಟಿ ಅರ್ಥವನ್ನು ತುಂಬಿದ್ದೇವೆ. ಆ ಅರ್ಥಭಾರವನ್ನು ಹೊತ್ತುಕೊಂಡೇ ಓದುಗನು ವಿಜ್ಞಾನದ ಪುಟಕ್ಕೆ ಬರುತ್ತಾನೆ.

ಪದವನ್ನು ಬದಲಿಸಬೇಕೆಂಬುದು ನನ್ನ ವಾದವಲ್ಲ. ‘ರೋಧಕ’ ಪಠ್ಯಗಳಲ್ಲಿ ನೆಲೆಗೊಂಡ ಪದ. ಇಂಗ್ಲಿಷಿನ ಮೂಲ ಪದಕ್ಕೂ ತಡೆಯುವ ಅರ್ಥವೇ ಇದೆ. ಕೊರತೆಯಿರುವುದು ಪದದ ಮುಂದೆ ಬರಬೇಕಾದ ವಾಕ್ಯದಲ್ಲಿ. ಉದಾಹರಣೆಗೆ, ತಲಾ 100 ಓಮ್‌ನ ಎರಡು ರೋಧಕಗಳನ್ನು ಸಾಲಾಗಿ ಜೋಡಿಸಿದರೆ 200 ಓಮ್ ಆಗುತ್ತದೆ. ಸಮಾಂತರವಾಗಿ ಜೋಡಿಸಿದರೆ 50 ಓಮ್ ಆಗುತ್ತದೆ. ಎರಡು ತಡೆಗಳು ಸೇರಿ ತಡೆಯೇ ಕಡಿಮೆಯಾಯಿತೆಂದರೆ ‘ರೋಧ’ ಪದವನ್ನಷ್ಟೇ ನಂಬಿದವನಿಗೆ ಅದು ಒಗಟು. ‘ಹರಿಯಲು ಇನ್ನೊಂದು ದಾರಿ ತೆರೆಯಿತು’ ಎಂಬ ಒಂದು ವಾಕ್ಯ ಸೇರಿಸಿದರೆ ಒಗಟು ಬಿಡುತ್ತದೆ. ಅಂಥ ವಾಕ್ಯವನ್ನು ನಿಘಂಟು ಕೊಡಲಾರದು, ಗದ್ಯ ಬಲ್ಲವನು ಬರೆಯಬೇಕು.

ಉಪಮಾನಗಳ ವಿಷಯವೂ ಹೀಗೆಯೇ. ವಿದ್ಯುತ್ತನ್ನು ಹರಿಯುವ ನೀರಿಗೆ ಹೋಲಿಸುವುದು ರೂಢಿ. ಆದರೆ ಕೃಷ್ಣಾ ಮೇಲ್ದಂಡೆ ಯೋಜನೆಯ ಇಂಡಿ ಶಾಖಾ ಕಾಲುವೆಯ ಸೀಮೆಯಲ್ಲಿ ಬೆಳೆದ ಮಗುವಿಗೆ ನೀರೆಂದರೆ ಕಾಲುವೆ, ಕಾಲುವೆಯೆಂದರೆ ಕೊನೆಯ ಹೊಲಕ್ಕೆ ಮುಟ್ಟದ ನೀರು. ಈ ಅನುಭವದಿಂದ ಮಂಡಲದ ಕೊನೆಯಲ್ಲಿ ಪ್ರವಾಹವೂ ಕಡಿಮೆಯಾಗುತ್ತದೆಂದು ಅದು ತೀರ್ಮಾನಿಸಿದರೆ ತಪ್ಪು ಮಗುವಿನದಲ್ಲ. ಇಲ್ಲಿ ಕಾಲುವೆಯನ್ನು ಬಿಟ್ಟು, ಎಲ್ಲಿಯೂ ಸೋರದೆ ತುಂಬಿ ಹರಿಯುವ ಪೈಪನ್ನು ಹೇಳಬೇಕಾಗುತ್ತದೆ. ಇನ್ನೂ ಒಳ್ಳೆಯ ನಿದರ್ಶನ ನಮ್ಮ ಲಿಂಬೆ ತೋಟಗಳಲ್ಲಿಯೇ ಇದೆ. ಟಿ.ಸಿ.ಯಿಂದ ಬೋರ್‌ವೆಲ್‌ವರೆಗೆ ಸಣ್ಣ ವೈರನ್ನು ದೂರ ಎಳೆದರೆ ಮೋಟರು ಗುಂಯ್‌ಗುಟ್ಟಿ ಸುಡುತ್ತದೆಂಬುದನ್ನು ರೈತರು ಬಲ್ಲರು. ತಂತಿ ಉದ್ದವಾದಂತೆ ರೋಧ ಹೆಚ್ಚುತ್ತದೆ, ದಪ್ಪವಾದಂತೆ ತಗ್ಗುತ್ತದೆ. ದಾರಿಯಲ್ಲಿಯೇ ವೋಲ್ಟೇಜ್ ಬಿದ್ದುಹೋಗಿ ಮೋಟರಿಗೆ ಸಾಕಷ್ಟು ಸಿಗುವುದಿಲ್ಲ ಎಂಬ ಪಾಠವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಅನುವಾದದ ಹಾದಿಯಲ್ಲಿ ಕಣ್ಣಿಗೆ ಬೀಳದ ಅನುಕೂಲಗಳೂ ನಮ್ಮ ಭಾಷೆಯಲ್ಲಿವೆ. ರೋಧಕದ ಮೇಲಿನ ಬಣ್ಣದ ಪಟ್ಟಿಗಳು ಅದರ ಬೆಲೆಯನ್ನು ಸೂಚಿಸುತ್ತವೆ. 0ಯಿಂದ 9ರವರೆಗಿನ ಆ ಬಣ್ಣಗಳನ್ನು ಕನ್ನಡದಲ್ಲಿ ಹೇಳಿ ನೋಡಬೇಕು: ಕಪ್ಪು, ಕಂದು, ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ, ನೇರಳೆ, ಬೂದು, ಬಿಳಿ. ಕಕಾರ ನಾಲ್ಕು, ಹಕಾರ ಎರಡು, ನಕಾರ ಎರಡು, ಬಕಾರ ಎರಡು. ಪ್ರಾಸ, ಅನುಪ್ರಾಸಗಳ ಪಾಠ ಹೇಳುವ ನಮಗೆ ಇದನ್ನು ನೆನಪಿನ ಸೂತ್ರವಾಗಿಸಲು ಹೆಚ್ಚು ಶ್ರಮ ಬೇಕಿಲ್ಲ. ಕಂದು, ಕಪ್ಪು, ಕೆಂಪು ಎಂದರೆ ಒಂದು, ಸೊನ್ನೆ, ಮುಂದೆ ಎರಡು ಸೊನ್ನೆ. ಅಂದರೆ 1000 ಓಮ್. ಇಂಗ್ಲಿಷ್ ಬಣ್ಣಗಳ ಮೊದಲಕ್ಷರಗಳನ್ನು ಕಂಠಪಾಠ ಮಾಡುವ ಕನ್ನಡ ಮಾಧ್ಯಮದ ಐಟಿಐ ವಿದ್ಯಾರ್ಥಿಗೆ ಇದು ಎಷ್ಟು ಹಗುರವಾದೀತು!

ಈ ದಾರಿ ನಮಗೆ ಹೊಸದಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿಯೇ ‘ವಿಜ್ಞಾನ’ ಪತ್ರಿಕೆಯನ್ನು ನಡೆಸಿದರು. ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದರು. ಆಗ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು ಬೀಸುವ ಕಲ್ಲಿನ ಬಳಿ ಕುಳಿತು ಕೇಳಿ ಬರೆದುಕೊಂಡ ಹಾಡುಗಳು 1931ರಲ್ಲಿ ‘ಗರತಿಯ ಹಾಡು’ ಆಗಿ ಪ್ರಕಟವಾದವು. ಅದೇ ಸೀಮೆಯ ಮೋಟರ್ ವೈಂಡಿಂಗ್ ಅಂಗಡಿಗಳಲ್ಲಿ, ರಿಪೇರಿಯ ಮೇಜುಗಳ ಮೇಲೆ ಇಂದು ಆಡುವ ಕನ್ನಡವನ್ನು ಕೇಳಿ ಬರೆದುಕೊಳ್ಳುವವರು ಬೇಕಾಗಿದ್ದಾರೆ. ‘ಅಳತಿಗೆ ತರತದ’ ಎಂಬ ಎರಡು ಪದಗಳು ರೋಧಕದ ವರ್ತನೆಯನ್ನು ಹೇಳಿದಷ್ಟು ನಿಖರವಾಗಿ ‘ಪ್ರವಾಹವನ್ನು ತಡೆಯುವ ಸಾಧನ’ ಎಂಬ ವ್ಯಾಖ್ಯೆ ಹೇಳಲಾರದು.

2021ರಲ್ಲಿ ಎಐಸಿಟಿಇಯು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಶಿಕ್ಷಣಕ್ಕೆ ಅವಕಾಶ ನೀಡಿತು. ಪುಸ್ತಕಗಳು ಅನುವಾದಗೊಳ್ಳುತ್ತಿವೆ. ಅನುವಾದದ ಹೊಣೆಯನ್ನು ವಿಷಯತಜ್ಞರಿಗೆ ಮಾತ್ರ ಬಿಟ್ಟು ನಾವು ಪದಗಳ ಶುದ್ಧಾಶುದ್ಧತೆಯನ್ನು ಎಣಿಸುತ್ತ ಕುಳಿತರೆ, ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಪಿಯುಸಿ ವಿಜ್ಞಾನದ ಹೊಸ್ತಿಲಲ್ಲಿ ಎಡವುವ ನಮ್ಮ ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿಗಳ ಮಕ್ಕಳಿಗೆ ಕನ್ನಡ ಅಧ್ಯಯನದಿಂದ ಆಗುವ ಉಪಕಾರವೇನು? ಸ್ನಾತಕೋತ್ತರ ತರಗತಿಗಳಲ್ಲಿ ವಿಜ್ಞಾನ ಗದ್ಯವನ್ನು ಒಂದು ಪತ್ರಿಕೆಯಾಗಿ ಅಳವಡಿಸುವುದು, ಕಸುಬುದಾರರ ಕನ್ನಡವನ್ನು ಕ್ಷೇತ್ರಕಾರ್ಯದ ಮೂಲಕ ಸಂಗ್ರಹಿಸುವುದು, ಅನುವಾದಿತ ಪಾಠವನ್ನು ಮುದ್ರಣಕ್ಕೆ ಮುನ್ನ ಮಕ್ಕಳ ಮುಂದೆ ಓದಿ ಅವರಿಗೆ ಏನು ಅರ್ಥವಾಯಿತೆಂದು ಕೇಳುವುದು: ಈ ಮೂರು ಕೆಲಸಗಳನ್ನು ನಮ್ಮ ವಿಭಾಗಗಳು ಕೈಗೆತ್ತಿಕೊಳ್ಳಬಹುದೆಂಬುದು ನನ್ನ ಅಭಿಪ್ರಾಯ. ಹಿರಿಯ ಅಧ್ಯಾಪಕರು ಇದನ್ನು ಚರ್ಚೆಗೆ ಎತ್ತಿಕೊಳ್ಳಬೇಕೆಂದು ವಿನಂತಿಸುತ್ತೇನೆ.