ಬಿಡುಗಡೆ ನಮಗೆ, ಪರಿಹಾರ ಒಡೆಯರಿಗೆ

1976ರಲ್ಲಿ ಜೀತ ನಿರ್ಮೂಲನಾ ಕಾಯ್ದೆ ಬಂತು. ಸಾಲ ರದ್ದಾಯಿತು ಅಂದರು. ಗೌಡರ ಕೊಟ್ಟಿಗೆಯಿಂದ ನಮ್ಮಪ್ಪಂದಿರು ಹೊರಗೆ ಬಂದರು. ಮಾರನೇ ದಿನ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗೋದು? ಉಳೋಕೆ ಹೊಲವಿಲ್ಲ, ಹೂಡೋಕೆ ಎತ್ತಿಲ್ಲ, ಒಲೆ ಮೇಲೆ ಇಡೋಕೆ ಕಾಳಿಲ್ಲ. ಮತ್ತೆ ಅದೇ ಗೌಡರ ಹೊಲಕ್ಕೇ ಹೋದರು. ನೆನ್ನೆವರೆಗೆ ಜೀತದಾಳು, ಇವತ್ತಿನಿಂದ ಕೂಲಿಯಾಳು. ಹೆಸರು ಬದಲಾಯಿತು, ಹೊಲ ಬದಲಾಗಲಿಲ್ಲ.

ಇದು ನಮ್ಮ ಕೇರಿಗಳ ಕಥೆ ಮಾತ್ರ ಅಂತ ನಾವು ಬಹಳ ಕಾಲ ತಿಳಿದಿದ್ದೆವು. ನಮ್ಮ ಹಣೆಬರಹ ಅಂತ ನಮ್ಮ ಹಿರಿಯರು ತಿಳಿದಿದ್ದರು. ಹಣೆಬರಹ ಬರೆದವರು ಯಾರು ಅಂತ ಕೇಳೋದನ್ನು ಚಳವಳಿ ಕಲಿಸಿತು. ಈಗ ಜಗತ್ತಿನ ಬೇರೆ ಬೇರೆ ಖಂಡಗಳ ಚರಿತ್ರೆಯನ್ನು ಪಕ್ಕಪಕ್ಕ ಇಟ್ಟು ಓದಿದರೆ ಒಂದೇ ಕೈಬರಹ ಕಾಣುತ್ತದೆ. ಬಿಡುಗಡೆ ಘೋಷಣೆಯಾದ ಕಡೆಯಲ್ಲೆಲ್ಲ ದುಡಿದವನಿಗೆ ಬರಿಗೈ, ದುಡಿಸಿಕೊಂಡವನಿಗೆ ಪರಿಹಾರ ಇಲ್ಲವೇ ಭೂಮಿ.

ಮೊದಲು ಬ್ರಿಟನ್ನನ್ನೇ ನೋಡೋಣ. ನಮಗೆ ನಾಗರಿಕತೆ ಕಲಿಸಿದೆವು ಅಂತ ಹೇಳಿಕೊಳ್ಳುವ ದೇಶ. 1833ರಲ್ಲಿ ಅಲ್ಲಿನ ಪಾರ್ಲಿಮೆಂಟು ತನ್ನ ವಸಾಹತುಗಳ ಗುಲಾಮಗಿರಿಯನ್ನು ರದ್ದುಮಾಡಿತು. ಅದರ ಜೊತೆಗೇ 2 ಕೋಟಿ ಪೌಂಡ್ ಪರಿಹಾರ ಮಂಜೂರು ಮಾಡಿತು. ಯಾರಿಗೆ? ಚಾಟಿಯೇಟು ತಿಂದವರಿಗಲ್ಲ, ಚಾಟಿ ಹಿಡಿದವರಿಗೆ. ಆ ಮೊತ್ತ ಆಗಿನ ಸರ್ಕಾರದ ಒಂದು ವರ್ಷದ ಖರ್ಚಿನಲ್ಲಿ ಸುಮಾರು ಶೇ. 40ರಷ್ಟು. ಅದಕ್ಕಾಗಿ ಎತ್ತಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಅಂದರೆ ಬ್ರಿಟನ್ನಿಗೆ ದುಡಿಯಲು ಬಂದ ಕೆರಿಬಿಯನ್ ಕರಿಯರೂ ತಮ್ಮ ಮುತ್ತಜ್ಜನ ಒಡೆಯನಿಗೆ ಕೊಟ್ಟ ಪರಿಹಾರದ ಸಾಲಕ್ಕೆ ತೆರಿಗೆ ಕಟ್ಟಿದ್ದಾರೆ! ಗುಲಾಮರಿಗೇನು ಸಿಕ್ಕಿತು? ಅಪ್ರೆಂಟಿಸ್ ಅನ್ನೋ ಹೊಸ ಹೆಸರು. ಆ ಹೆಸರಿನಲ್ಲಿ 1838ರವರೆಗೆ ಮತ್ತೆ ಬಿಟ್ಟಿ ದುಡಿಮೆ.

ಗುಲಾಮರು ಕಬ್ಬಿನ ತೋಟ ಬಿಟ್ಟು ನಡೆದಾಗ ಆ ಜಾಗಕ್ಕೆ ಯಾರನ್ನು ತಂದರು? ನಮ್ಮವರನ್ನು. ಕಲ್ಕತ್ತ, ಮದರಾಸಿನ ಬಂದರುಗಳಿಂದ ಹಡಗು ತುಂಬಿ ಮಾರಿಷಸ್, ಗಯಾನ, ಟ್ರಿನಿಡಾಡ್, ನಟಾಲ್‌ಗಳಿಗೆ ಸಾಗಿಸಿದರು. ಆ ಹಡಗು ಹತ್ತಿದವರಲ್ಲಿ ಬರದಲ್ಲಿ ಬೆಂದವರು, ಅಸ್ಪೃಶ್ಯರು, ಭೂಮಿ ಇಲ್ಲದವರು ಬಹಳ ಮಂದಿ. ನಮ್ಮ ನಾಡಿನ 'ಕೂಲಿ' ಅನ್ನೋ ಮಾತು ಬೈಗುಳವಾಗಿ ಸಮುದ್ರ ದಾಟಿದ್ದು ಹೀಗೆ. ಕರಿಯರ ಕಥೆ ನಮಗ್ಯಾಕೆ ಅನ್ನುವವರು ಇದನ್ನು ನೆನಪಿಡಲಿ. ಅವರ ಕತ್ತಿನಿಂದ ಇಳಿಸಿದ ನೊಗವನ್ನು ನಮ್ಮ ಕತ್ತಿಗೆ ಕಟ್ಟಿದ್ದರು.

ಹೈಟಿಯ ಕಥೆ ಇನ್ನೂ ಘೋರ. ಅಲ್ಲಿನ ಗುಲಾಮರು ಯಾರ ದಯೆಗೂ ಕಾಯಲಿಲ್ಲ. 1791ರಲ್ಲಿ ಎದ್ದರು, ನೆಪೋಲಿಯನ್ನನ ಸೈನ್ಯವನ್ನು ಸೋಲಿಸಿದರು, 1804ರಲ್ಲಿ ಸ್ವತಂತ್ರ ದೇಶ ಕಟ್ಟಿದರು. ಫ್ರಾನ್ಸ್ ಏನು ಮಾಡಿತು? 1825ರಲ್ಲಿ ಯುದ್ಧದ ಹಡಗು ತಂದು ನಿಲ್ಲಿಸಿ 15 ಕೋಟಿ ಫ್ರಾಂಕ್ ಕೇಳಿತು. ಗುಲಾಮರು ತಮ್ಮನ್ನು ತಾವೇ ಬಿಡಿಸಿಕೊಂಡದ್ದರಿಂದ ಒಡೆಯರಿಗೆ ನಷ್ಟವಾಯಿತಂತೆ! ಆಮೇಲೆ ಅದನ್ನು 9 ಕೋಟಿಗೆ ಇಳಿಸಿದರು. ಅದಕ್ಕೂ ಹೈಟಿ ಫ್ರಾನ್ಸಿನ ಬ್ಯಾಂಕುಗಳಲ್ಲೇ ಸಾಲ ಮಾಡಬೇಕಾಯಿತು. ಆ ಸಾಲದ ಸರಪಳಿ ಕಳಚಿದ್ದು 1947ರಲ್ಲಿ. ಹೈಟಿ ಯಾಕೆ ಬಡದೇಶ ಅಂತ ಪಾಠ ಹೇಳುವ ಪಂಡಿತರು ಈ ಲೆಕ್ಕವನ್ನು ಮೊದಲು ಬೋರ್ಡಿನ ಮೇಲೆ ಬರೆಯಲಿ.

ಅಮೆರಿಕದಲ್ಲಿ ಒಂದು ಗಳಿಗೆ ಬಾಗಿಲು ತೆರೆದಿತ್ತು. ಅಂತರ್ಯುದ್ಧದ ಕೊನೆಗೆ, 1865ರ ಜನವರಿಯಲ್ಲಿ, ಜನರಲ್ ಶೆರ್ಮನ್ ಒಂದು ಆಜ್ಞೆ ಹೊರಡಿಸಿದ. ದಕ್ಷಿಣ ಕೆರೊಲಿನಾ, ಜಾರ್ಜಿಯಾ, ಫ್ಲಾರಿಡಾ ಕರಾವಳಿಯ ಸುಮಾರು 4 ಲಕ್ಷ ಎಕರೆಯನ್ನು ಬಿಡುಗಡೆಯಾದ ಕರಿಯ ಕುಟುಂಬಗಳಿಗೆ ತಲಾ 40 ಎಕರೆಯವರೆಗೆ ಹಂಚಬೇಕು ಅಂತ. ಸುಮಾರು 40 ಸಾವಿರ ಜನ ಹೋಗಿ ನೆಲೆಸಿ ಉಳುಮೆಗಿಳಿದರು. ಏಪ್ರಿಲ್‌ನಲ್ಲಿ ಲಿಂಕನ್ ಕೊಲೆಯಾದ. ಅವನ ಜಾಗಕ್ಕೆ ಬಂದ ಆಂಡ್ರ್ಯೂ ಜಾನ್ಸನ್ ಅದೇ ವರ್ಷ ಆ ಭೂಮಿಯನ್ನು ಹಳೇ ಒಡೆಯರಿಗೆ ವಾಪಸ್ ಮಾಡಿದ. ಬಂಡೆದ್ದ ಒಡೆಯರಿಗೆ ಕ್ಷಮೆ, ದುಡಿದ ಕರಿಯರಿಗೆ ಎತ್ತಂಗಡಿ. ಆಮೇಲೆ ಉಳಿದದ್ದು ಪಾಲಿಗೆ ಮಾಡೋದು. ಬಿತ್ತನೆ ಒಡೆಯನದು, ಸಾಲದ ಪುಸ್ತಕ ಒಡೆಯನದು, ಬೆವರು ಮಾತ್ರ ಇವನದು. ನಮ್ಮ ಹಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಬ್ರೆಜಿಲ್‌ನಲ್ಲಿ ಸಂಚು ಮೊದಲೇ ತಯಾರಾಗಿತ್ತು. 1850ರಲ್ಲೇ ಭೂಕಾಯ್ದೆ ಮಾಡಿ, ಸರ್ಕಾರಿ ಭೂಮಿಯನ್ನು ದುಡ್ಡು ಕೊಟ್ಟು ಕೊಂಡವನಿಗೇ ಹಕ್ಕು ಅಂದರು. ಗುಲಾಮರನ್ನು ಬಿಟ್ಟದ್ದು 1888ರಲ್ಲಿ. ಬಿಡುಗಡೆಗೆ ಮೂವತ್ತೆಂಟು ವರ್ಷ ಮುಂಚೆಯೇ ಭೂಮಿಗೆ ಬೀಗ ಜಡಿದಿದ್ದರು. ಆ ಬೀಗ ಒಡೆಯಲು ಭೂಹೀನರ ಚಳವಳಿ 1984ರಲ್ಲಿ ಹುಟ್ಟಿತು. ಪಾಳುಬಿದ್ದ ದೊಡ್ಡ ಎಸ್ಟೇಟುಗಳಿಗೆ ನುಗ್ಗಿ ಗುಡಿಸಲು ಹಾಕಿದರು, ಶಾಲೆ ಕಟ್ಟಿದರು. 1996ರ ಏಪ್ರಿಲ್ 17ರಂದು ಎಲ್ಡೊರಾಡೊ ದೋಸ್ ಕರಜಾಸ್‌ನಲ್ಲಿ ಪೊಲೀಸರು ಗುಂಡಿಟ್ಟು 19 ಜನರನ್ನು ಕೊಂದರು. ನಮ್ಮ ರೈತ ಸಂಘವೂ ಸೇರಿದ್ದ ವಿಯಾ ಕಂಪೆಸಿನಾ ಒಕ್ಕೂಟ ಆ ದಿನವನ್ನು ರೈತ ಹೋರಾಟದ ದಿನವೆಂದು ಆಚರಿಸುತ್ತದೆ. ಆಚರಿಸಲಿ, ಒಳ್ಳೆಯದೇ. ಆದರೆ ಸತ್ತವರು ಭೂಮಿ ಇಲ್ಲದವರು ಅನ್ನೋದನ್ನು ನಮ್ಮ ಹಸಿರು ಶಾಲಿನ ಗೆಳೆಯರು ಮರೆಯಬಾರದು.

ದಕ್ಷಿಣ ಆಫ್ರಿಕಕ್ಕೆ ಬನ್ನಿ. 1913ರ ಭೂಕಾಯ್ದೆ ಬಹುಸಂಖ್ಯಾತ ಕರಿಯರಿಗೆ ದೇಶದ ಸುಮಾರು ಶೇ. 7ರಷ್ಟು ಭೂಮಿಯನ್ನು ಬಿಟ್ಟಿತು. 1936ರಲ್ಲಿ ಅದು ಶೇ. 13ರಷ್ಟಾಯಿತು. ಆ 1913ರಲ್ಲೇ ಅಂಬೇಡ್ಕರ್ ಓದಲು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೊರಟಿದ್ದರು. 1994ರಲ್ಲಿ ಮಂಡೇಲಾ ಅಧ್ಯಕ್ಷರಾದರು, ಜಗತ್ತು ಚಪ್ಪಾಳೆ ತಟ್ಟಿತು. ಭೂಮಿಯ ವಿಷಯ ಬಂದಾಗ ಮಾತ್ರ ಮಾರುವವನಿಗೆ ಮನಸ್ಸಿದ್ದರೆ ಸರ್ಕಾರ ಕೊಂಡು ಹಂಚುತ್ತದೆ ಅನ್ನೋ ನೀತಿ. ಕದ್ದ ಮಾಲನ್ನು ಕದ್ದವನಿಂದಲೇ ಮಾರುಕಟ್ಟೆ ರೇಟಿಗೆ ಕೊಳ್ಳುವ ನ್ಯಾಯ! 2017ರಲ್ಲಿ ಅಲ್ಲಿನ ಸರ್ಕಾರವೇ ಮಾಡಿದ ಭೂ ಲೆಕ್ಕದಲ್ಲಿ, ವ್ಯಕ್ತಿಗಳ ಹೆಸರಿನಲ್ಲಿದ್ದ ಕೃಷಿಭೂಮಿಯ ಶೇ. 72 ಬಿಳಿಯರ ಕೈಯಲ್ಲೇ ಇತ್ತು. 2025ರ ಜನವರಿಯಲ್ಲಿ, ಕೆಲವು ಸಂದರ್ಭಗಳಲ್ಲಿ ಪರಿಹಾರವಿಲ್ಲದೆಯೂ ಭೂಮಿ ವಶಪಡಿಸಿಕೊಳ್ಳಬಹುದಾದ ಕಾಯ್ದೆಗೆ ಅಧ್ಯಕ್ಷ ರಾಮಫೋಸಾ ಸಹಿ ಹಾಕಿದರು. ಮುಂದಿನ ತಿಂಗಳೇ ಅಮೆರಿಕದ ಅಧ್ಯಕ್ಷ ಟ್ರಂಪ್ ಆ ದೇಶಕ್ಕೆ ಕೊಡುವ ನೆರವು ನಿಲ್ಲಿಸಲು ಆಜ್ಞೆ ಮಾಡಿದ. ಒಡೆಯನ ಪರಿಹಾರಕ್ಕೆ ಕೈ ಹಾಕಿದರೆ ಸಮುದ್ರದ ಆಚೆಯಿಂದಲೂ ಒಡೆಯನ ನೆಂಟ ಗುಡುಗುತ್ತಾನೆ.

ಇದು ಬಣ್ಣದ ಮಾತು, ಏಷ್ಯಾದಲ್ಲಿ ಹೀಗಿಲ್ಲ ಅನ್ನುವವರಿಗೆ ಜಪಾನ್ ತೋರಿಸೋಣ. ಅಲ್ಲಿ ಚರ್ಮ ಹದ ಮಾಡುವವರನ್ನು, ಸತ್ತ ದನ ಸಾಗಿಸುವವರನ್ನು ಹೊಲಸೆಂದು ಊರಾಚೆ ಇಟ್ಟಿದ್ದರು. ಬಣ್ಣ ಒಂದೇ, ಭಾಷೆ ಒಂದೇ. 1871ರಲ್ಲಿ ಅವರೂ ಎಲ್ಲರಂತೆ ಸಮಾನರು ಅಂತ ಆಜ್ಞೆಯಾಯಿತು. ಚರ್ಮದ ಕಸುಬಿನ ಮೇಲಿದ್ದ ಹಕ್ಕು ಹೋಯಿತು, ಹೊಸ ತೆರಿಗೆ ಬಂತು, ಭೂಮಿ ಬರಲಿಲ್ಲ. ಅದೇ ಸರ್ಕಾರ 1876ರಲ್ಲಿ ಸಮುರಾಯ್‌ಗಳ ಪಿಂಚಣಿ ನಿಲ್ಲಿಸಿದಾಗ ಅವರ ಕೈಗೆ ಬಾಂಡ್ ಪತ್ರ ಕೊಟ್ಟಿತು. 1922ರಲ್ಲಿ ಆ ಬುರಾಕು ಜನ ಕ್ಯೋಟೋದಲ್ಲಿ ಸುಯ್‌ಹೈಶಾ ಸಂಘಟನೆ ಕಟ್ಟಿ ತಲೆಯೆತ್ತಿದರು. 1975ರಲ್ಲಿ ಬಯಲಾದದ್ದೇನು? ಬುರಾಕು ಕೇರಿಗಳ ಹೆಸರು, ವಿಳಾಸದ ಪಟ್ಟಿಯನ್ನು ಗುಟ್ಟಾಗಿ ಅಚ್ಚು ಹಾಕಿ ಕಂಪನಿಗಳಿಗೆ ಮಾರುತ್ತಿದ್ದರು. ಕೆಲಸ ಕೇಳಲು ಬಂದವನು ಯಾವ ಕೇರಿಯವನು ಅಂತ ನೋಡೋಕೆ! ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದ ನಮ್ಮ ಹುಡುಗರಿಗೆ ಈ ಪ್ರಶ್ನೆ ಹೊಸದಲ್ಲ.

ಈಗ ನಮ್ಮ ದೇಶ. ರಾಜರ ರಾಜ್ಯ ಹೋಯಿತು, ಅವರಿಗೆ 1971ರವರೆಗೆ ರಾಜಧನ ಸಂದಾಯವಾಯಿತು. ಜಮೀನ್ದಾರಿ ಹೋಯಿತು, ಜಮೀನ್ದಾರರಿಗೆ ಪರಿಹಾರ ಸಿಕ್ಕಿತು. ಸಾವಿರಾರು ವರ್ಷ ಮಲ ಹೊತ್ತವರಿಗೆ, ಹೊಲ ಉತ್ತವರಿಗೆ ಯಾವ ಖಜಾನೆ ತೆರೆಯಿತು? 1947ರಲ್ಲೇ ಅಂಬೇಡ್ಕರ್ 'ರಾಜ್ಯಗಳು ಮತ್ತು ಅಲ್ಪಸಂಖ್ಯಾತರು' ಎಂಬ ಮನವಿಯಲ್ಲಿ ಭೂಮಿಯೆಲ್ಲ ಸರ್ಕಾರದ್ದಾಗಬೇಕು, ಜಾತಿ ನೋಡದೆ ಗ್ರಾಮಸ್ಥರಿಗೆ ಸಾಮೂಹಿಕ ಸಾಗುವಳಿಗೆ ಕೊಡಬೇಕು ಎಂದು ಬರೆದಿದ್ದರು. ಅವರ ಪ್ರತಿಮೆಗೆ ಹಾರ ಹಾಕುವವರು ಆ ಪುಟವನ್ನು ಮಾತ್ರ ತೆರೆಯೋದಿಲ್ಲ.

ಕರ್ನಾಟಕದ 1974ರ ಭೂಸುಧಾರಣೆ ದೊಡ್ಡ ಹೆಜ್ಜೆ. ದೇವರಾಜ ಅರಸರ ಕಾಲದ ಆ ಕೆಲಸವನ್ನು ನಾವು ಹಗುರ ಮಾಡೋದಿಲ್ಲ. ಆದರೆ ಉಳುವವನೇ ಹೊಲದೊಡೆಯ ಅಂದಾಗ 'ಉಳುವವ' ಅಂದರೆ ಯಾರು? ಗೇಣಿದಾರ. ಗೇಣಿ ಚೀಟಿ ಯಾರ ಹತ್ತಿರ ಇತ್ತು? ಬಹುಪಾಲು ಊರೊಳಗಿನ ಸ್ಪೃಶ್ಯ ಜಾತಿಗಳ ಹತ್ತಿರ. ನೇಗಿಲ ಮೇಣಿ ಹಿಡಿದ ನಮ್ಮಪ್ಪ ಕಾಗದದಲ್ಲಿ ಉಳುವವನಾಗಿರಲಿಲ್ಲ, ಆಳಾಗಿದ್ದ. ಗೇಣಿದಾರ ಒಡೆಯನಾದ, ಆಳು ಆಳಾಗಿಯೇ ಉಳಿದ. 2011ರ ಜನಗಣತಿಯಂತೆ ದೇಶದ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿಗಳ ಪಾಲು ಶೇ. 16.6. 2015-16ರ ಕೃಷಿ ಗಣತಿಯಂತೆ ಸಾಗುವಳಿ ಭೂಮಿಯಲ್ಲಿ ಅವರ ಪಾಲು ಶೇ. 9ನ್ನೂ ಮುಟ್ಟುವುದಿಲ್ಲ.

ಇಲ್ಲೇ ಜಾತಿಯ ಗುಟ್ಟಿದೆ. ಹೈಟಿಯ ಗುಲಾಮನಿಗೆ ಎದುರಾಳಿ ಯಾರೆಂದು ಗೊತ್ತಿತ್ತು. ನಮ್ಮಲ್ಲಿ ನೊಗ ಹೊತ್ತವರನ್ನೇ ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸಿದ್ದಾರೆ. ಪ್ರತಿಯೊಬ್ಬನಿಗೂ ತುಳಿಯೋಕೆ ಕೆಳಗೊಬ್ಬ ಇದ್ದಾನೆ. ಅದಕ್ಕೇ ಒಬ್ಬನ ಬಿಡುಗಡೆ ಇನ್ನೊಬ್ಬನ ಬಿಡುಗಡೆಯಾಗೋದಿಲ್ಲ. ಹೋಲಿಕೆ ಅಂದರೆ ಎಲ್ಲ ಒಂದೇ ಅನ್ನೋದಲ್ಲ. ಯಾವ ಬೀಗ ಯಾವ ಬಾಗಿಲಿನದು ಅಂತ ತಿಳಿಯೋದು.

ಇಂಥ ಹೋಲಿಕೆಯೇ ಬೇಡ ಅನ್ನುವವರೂ ಇದ್ದಾರೆ. 2001ರಲ್ಲಿ ಡರ್ಬನ್‌ನಲ್ಲಿ ವಿಶ್ವಸಂಸ್ಥೆಯ ಜನಾಂಗಭೇದ ವಿರೋಧಿ ಸಮ್ಮೇಳನ ನಡೆದಾಗ, ಜಾತಿ ಬೇರೆ ಜನಾಂಗ ಬೇರೆ ಅಂತ ವಾದಿಸಿ ಜಾತಿಯ ಹೆಸರೇ ಬಾರದಂತೆ ನೋಡಿಕೊಂಡಿತು ನಮ್ಮ ಸರ್ಕಾರ. ವರ್ಷದೊಳಗೆ, 2002ರಲ್ಲಿ, ವಿಶ್ವಸಂಸ್ಥೆಯ ಸಮಿತಿಯೇ ಹುಟ್ಟಿನ ಆಧಾರದ ಭೇದದಲ್ಲಿ ಜಾತಿಯೂ ಸೇರಿದೆ ಎಂದಿತು. ಮನೆಯ ಮಾತು ಹೊರಗೆ ಯಾಕೆ ಅಂತಾರೆ. ಮನೆಯೊಳಗೆ ಕರೆದಿದ್ದರೆ ತಾನೇ ಅದು ನಮಗೂ ಮನೆಯ ಮಾತಾಗೋದು?

2020ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್‌ನ ಕತ್ತಿನ ಮೇಲೆ ಪೊಲೀಸನೊಬ್ಬ ಮಂಡಿಯೂರಿ ಕೊಂದಾಗ ನಮ್ಮ ನಗರಗಳ ಸುಶಿಕ್ಷಿತರು ಕಣ್ಣೀರಿಟ್ಟರು. ಅದು ಸರಿಯೇ. ಅದೇ ವರ್ಷ ಕರ್ನಾಟಕದ ಭೂಸುಧಾರಣಾ ಕಾಯ್ದೆಯ 79-ಎ, 79-ಬಿ ಕಲಮುಗಳನ್ನು ಕಿತ್ತುಹಾಕಿ, ಬೇಸಾಯ ಗೊತ್ತಿಲ್ಲದ ಹಣವಂತರೂ ಹೊಲ ಕೊಳ್ಳುವ ದಾರಿ ತೆರೆದರು. ಆಗ ಇವರಲ್ಲಿ ಎಷ್ಟು ಜನ ಬೀದಿಗಿಳಿದರು? ದೂರದ ಮಂಡಿ ಕಾಣುತ್ತದೆ, ಪಕ್ಕದ ಮಂಡಿ ಕಾಣೋದಿಲ್ಲ.

ಬೈಯೋದು ಬೇರೆಯವರನ್ನಷ್ಟೇ ಅಲ್ಲ, ನಮ್ಮನ್ನೂ ಬೈದುಕೊಳ್ಳಬೇಕು. ನಾವು ಸಂಘಟನೆ ಒಡೆದೆವು, ಬಣ ಕಟ್ಟಿದೆವು, ನಿಗಮ ಮಂಡಳಿಯ ಕುರ್ಚಿಗೆ ಸಾಲುಗಟ್ಟಿದೆವು. ಮಂಜೂರಾದ ಅಷ್ಟಿಷ್ಟು ಭೂಮಿಯ ಪತ್ರದಲ್ಲಿ ಗಂಡಸಿನ ಹೆಸರು ಬರೆಸಿದೆವು. ನಾಟಿ ಮಾಡಿದ ತಾಯಿಯ ಹೆಸರು ಎಲ್ಲಿ? ಒಡೆಯನನ್ನು ಬೈಯುತ್ತಾ ಮನೆಯೊಳಗೆ ಒಡೆಯರಾಗೋದು ಬಂಡಾಯವಲ್ಲ.

ಹಾಗಾದರೆ ಏನು ಮಾಡೋಣ? ಹಳ್ಳಿ ಮೇಷ್ಟ್ರುಗಳೇ, ಓದುವ ಗೆಳೆಯರೇ, ಕೆಲಸ ನಿಮ್ಮೂರಿನಲ್ಲೇ ಇದೆ. ನಿಮ್ಮ ಊರಿನ ಗೋಮಾಳ ಎಷ್ಟು ಎಕರೆ, ಅದರಲ್ಲಿ ಯಾರ ತೋಟ ಇದೆ? ಫಾರಂ 50, 53, 57ರಲ್ಲಿ ಬಗರ್‌ಹುಕುಂ ಅರ್ಜಿ ಹಾಕಿದ ಕೇರಿಯವರು ಎಷ್ಟು ಜನ, ಯಾರಿಗೆ ಸಿಕ್ಕಿತು? ದರಖಾಸ್ತಿನಲ್ಲಿ ನಮ್ಮವರಿಗೆ ಮಂಜೂರಾದ ಹೊಲವನ್ನು ಇವತ್ತು ಉಳುತ್ತಿರುವವರು ಯಾರು? ಆ ಹೊಲ ವಾಪಸ್ ಪಡೆಯಲು 1978ರ ಪಿಟಿಸಿಎಲ್ ಕಾಯ್ದೆ ಇದೆ. ತಡವಾಗಿ ಬಂದಿರಿ ಅಂತ ಕೋರ್ಟುಗಳು ಅರ್ಜಿ ತಳ್ಳಿಹಾಕತೊಡಗಿದಾಗ, ಕಾಲಮಿತಿ ಇಲ್ಲ ಅಂತ 2023ರಲ್ಲಿ ತಿದ್ದುಪಡಿಯೂ ಆಯಿತು. ಆ ತಿದ್ದುಪಡಿ ಕೇರಿಗೆ ತಲುಪಿದೆಯಾ? ಪಹಣಿ ತೆಗೆಸಿ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಒಂದು ನೋಟುಬುಕ್ಕಿನಲ್ಲಿ ಬರೆಯಿರಿ. ಬರೆದದ್ದನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ.

ಬ್ರಿಟನ್ನಿನ ಒಡೆಯರು ತಮ್ಮ ಗುಲಾಮರ ತಲೆ ಎಣಿಸಿ, ಒಂದೊಂದು ತಲೆಗೂ ಬೆಲೆ ಕಟ್ಟಿ ಪರಿಹಾರ ವಸೂಲಿ ಮಾಡಿದರು. ಲೆಕ್ಕ ಬರೆದವರು ಅವರು, ಪಡೆದವರೂ ಅವರೇ. ಈ ಸಲ ಲೆಕ್ಕ ನಾವು ಬರೆಯೋಣ. ನಮ್ಮ ಲೆಕ್ಕ ತಲೆಯದಲ್ಲ, ಎಕರೆಯದು.